ನಡುವೆ ಫ್ರಿಂಜ್ ಇದೆ, ಅಂಚಿನಲ್ಲಿ ಇಲ್ಲ
ಎರಡು ದೂರದರ್ಶಕಗಳ ಬೆಳಕನ್ನು ಕೂಡಿಸುವ ನಿಮ್ಮ ಇಂಟರ್‌ಫೆರೋಮೀಟರ್‌ನಲ್ಲಿ, ನಡುವಿನ ನಕ್ಷತ್ರದಲ್ಲಿ ಫ್ರಿಂಜ್ (ಬೆಳಕಿನ ಅಲೆಗಳು ಕೂಡಿ ಮೂಡುವ ಕಪ್ಪು-ಬಿಳಿ ಪಟ್ಟೆ) ಕಂಡು, ಒಂದು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಆಚೆಯದರಲ್ಲಿ ಕಾಣದಿದ್ದರೆ, ಎರಡು ಕಿರಣಗಳ ದಾರಿಯ ಉದ್ದ ಸರಿಹೊಂದಿಸುವ ಡಿಲೇ ಲೈನ್ ಸರಿಯಿದೆ. ಬಹುಶಃ ತಪ್ಪಿರುವುದು ಹೊರಬರುವ ಎರಡು ಕಿರಣಗಳ ಅಂತರ. ಹೊರಗಣ ಪ್ಯೂಪಿಲ್‌ಗಳ (ಕಿರಣಗಳು ಹಾಯುವ ದ್ವಾರಗಳ) ಜೋಡಣೆ ಒಳಗಣದರ ಕುಗ್ಗಿಸಿದ ಪಡಿಯಚ್ಚಾಗಿರಬೇಕು.

ಮೊದಲು ಎರಡೂ ತೋಳುಗಳ (ಒಂದೊಂದು ದೂರದರ್ಶಕದ ಬೆಳಕಿನ ದಾರಿ) ಕನ್ನಡಿಗಳನ್ನು ಎಣಿಸಿ. ಒಂದರಲ್ಲಿ ಸಮ, ಇನ್ನೊಂದರಲ್ಲಿ ಬೆಸ ಸಂಖ್ಯೆಯಿದ್ದರೆ ಒಂದು ಚಿತ್ರ ಮಗುಚಿರುತ್ತದೆ. ಅದನ್ನು ಸರಿಪಡಿಸದೆ ಮುಂದಿನದೆಲ್ಲ ವ್ಯರ್ಥ.

ನಿಮ್ಮ 80 ಮಿ.ಮೀ. ಕಿರಣ 10ಕ್ಕೆ ಕುಗ್ಗುತ್ತದೆ, ಅಂದರೆ ವರ್ಧನೆ 8. ದೂರದರ್ಶಕಗಳ ಅಂತರ 500 ಮಿ.ಮೀ. ಇರುವುದರಿಂದ ಹೊರಗೆ 62.5 ಬೇಕು. ನೀವು ಇಟ್ಟಿರುವುದು 60. ಆ 2.5 ಮಿ.ಮೀ. ಕೊರತೆ ಎಂಟುಪಟ್ಟಾಗಿ, ಒಂದು ಆರ್ಕ್‌ಮಿನಿಟ್‌ಗೆ ಸುಮಾರು 5.8 ಮೈಕ್ರಾನ್ ಪಥವ್ಯತ್ಯಾಸ ತರುತ್ತದೆ. 550 ನ್ಯಾನೋಮೀಟರ್ ಸುತ್ತ 100 ನ್ಯಾನೋಮೀಟರ್ ಅಗಲದ ನಿಮ್ಮ ಫಿಲ್ಟರ್‌ಗೆ ಕೊಹೆರೆನ್ಸ್ ಉದ್ದ, ಅಂದರೆ ಫ್ರಿಂಜ್ ಕಾಣಲು ಪಥವ್ಯತ್ಯಾಸ ಮೀರಬಾರದ ಮಿತಿ, 3 ಮೈಕ್ರಾನ್ ಅಷ್ಟೇ!

ಖಚಿತಪಡಿಸಿಕೊಳ್ಳಲು 10 ನ್ಯಾನೋಮೀಟರ್ ಅಗಲದ ಫಿಲ್ಟರ್ ಹಾಕಿ; ಫಿಲ್ಟರ್ ಕಿರಿದಾದಷ್ಟೂ ಆ ಮಿತಿ ಹಿಗ್ಗುತ್ತದೆ. ಅಂಚಿನಲ್ಲೂ ಫ್ರಿಂಜ್ ಬಂದರೆ ಕೊನೆಯ ಕನ್ನಡಿಗಳನ್ನು ತಲಾ 1.25 ಮಿ.ಮೀ. ಹೊರಕ್ಕೆ ಸರಿಸಿ, ಡಿಲೇ ಮತ್ತೆ ಸೊನ್ನೆ ಮಾಡಿ. ಪಥವ್ಯತ್ಯಾಸ ಕಾಲು ತರಂಗಾಂತರದೊಳಗೆ ನಿಲ್ಲಬೇಕಾದರೆ 0.06 ಮಿ.ಮೀ. ನಿಖರತೆ ಬೇಕು, ಹಾಗಾಗಿ ಮೈಕ್ರೋಮೀಟರ್ ಸ್ಟೇಜ್ ಇಲ್ಲದೆ ಕೈಹಾಕಬೇಡಿ.

ಆ ಫಿಲ್ಟರ್ ಹಾಕಿಯೂ ಅಂಚಿನಲ್ಲಿ ಫ್ರಿಂಜ್ ಬರದಿದ್ದರೆ ನನ್ನ ಊಹೆ ತಪ್ಪು. ಆಗ ಒಂದೊಂದೇ ತೋಳು ಮುಚ್ಚಿ ಅಂಚಿನ ನಕ್ಷತ್ರದ ಸ್ಥಾನ ಅಳೆಯಿರಿ; ಎರಡೂ ಒಂದೇ ಕಡೆ ಬೀಳದಿದ್ದರೆ ವರ್ಧನೆಗಳೇ ಬೇರೆಬೇರೆ.