ಒಣಗಿದ ಚಿತ್ರವನ್ನು ನೋಡದವರು

ಸಂತೋಷಕ್ಕೆಂದು ಹಿಡಿದ ಹವ್ಯಾಸವೇ ಈಗ ಹೊರೆಯಾಗಿದೆ ಎಂದು ಹೇಳಿಕೊಂಡು ನನ್ನ ಬಳಿ ಆಪ್ತಸಲಹೆಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಹಾಡುವವರು, ಕಸೂತಿ ಹಾಕುವವರು, ಕವಿತೆ ಬರೆಯುವವರು ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ. ಅಂಥ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಂದವರು ಮೂವತ್ತು ದಾಟಿದ ಉದ್ಯೋಗಸ್ಥ ಮಹಿಳೆ. ಸಂಜೆ ಹೊತ್ತು ಜಲವರ್ಣದ ಚಿತ್ರ ಬಿಡಿಸಿ ಜಾಲತಾಣದಲ್ಲಿ ಹಾಕುವ ರೂಢಿ. ಕೆಲವು ತಿಂಗಳಿಂದ ಕುಂಚ ಹಿಡಿದರೆ ಎದೆ ಬಿಗಿಯುತ್ತದೆ ಎಂದರು. ಮೊದಲು ನಿದ್ದೆ, ಹಸಿವು, ಉಳಿದ ಸಂಗತಿಗಳಲ್ಲಿನ ಆಸಕ್ತಿಯನ್ನು ವಿಚಾರಿಸಿದೆ. ಎಲ್ಲದರಲ್ಲೂ ಉತ್ಸಾಹ ಬತ್ತಿ ಎರಡು ವಾರಕ್ಕೂ ಮೀರಿ ಹಾಗೆಯೇ ಉಳಿದಿದ್ದರೆ ಅದನ್ನು ಖಿನ್ನತೆಯ ದಿಕ್ಕಿನಲ್ಲಿ ನೋಡಬೇಕಾಗುತ್ತಿತ್ತು. ಇಲ್ಲಿ ಬತ್ತಿದ್ದು ಚಿತ್ರದ ಖುಷಿಯೊಂದೇ.

ಮೂರನೆಯ ಭೇಟಿಯಲ್ಲಿ, ವಿಶೇಷ ಉದ್ದೇಶವೇನೂ ಇಲ್ಲದೆ, ಚಿತ್ರ ಮುಗಿದ ತಕ್ಷಣ ಏನು ಮಾಡುತ್ತೀರಿ ಎಂದು ಕೇಳಿದೆ.

“ಫೋಟೋ ತೆಗೆಯುತ್ತೇನೆ, ಮೇಡಂ. ಹಸಿಯಾಗಿರುವಾಗಲೇ ತೆಗೆಯಬೇಕು, ಒಣಗಿದರೆ ಬಣ್ಣ ಮಂಕಾಗುತ್ತದೆ.”

“ಒಣಗಿದ ಮೇಲೆ?”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಒಣಗಿದ ಚಿತ್ರವನ್ನು ನಾನು ನೋಡಿಯೇ ಎಷ್ಟೋ ದಿನವಾಯಿತು. ಹಾಳೆಗಳೆಲ್ಲ ಒಂದರ ಮೇಲೊಂದು ಬಿದ್ದಿವೆ” ಎಂದರು. ಜಲವರ್ಣ ಒಣಗಿದಾಗ ತುಸು ತಿಳಿಯಾಗುವುದು ಅದರ ಸ್ವಭಾವ. ಆ ಬದಲಾವಣೆಯನ್ನು ಮೊದಲೇ ಊಹಿಸಿ ಬಣ್ಣ ಬೆರೆಸುವುದರಲ್ಲಿಯೇ ಆ ಕಲೆಯ ಅರ್ಧ ಜಾಣ್ಮೆಯಿದೆ. ಅದನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರು. ಆದರೂ ಮೆಚ್ಚುಗೆಯ ಎಣಿಕೆಗೆ ಒಗ್ಗಿಕೊಳ್ಳುತ್ತ, ತಮ್ಮ ಚಿತ್ರದ ಕೊನೆಯ ರೂಪವನ್ನು ಕಾಯುವ ವ್ಯವಧಾನವನ್ನೇ ಬಿಟ್ಟುಕೊಟ್ಟಿದ್ದರು.

ನಾನು ಕೊಟ್ಟ ಸಲಹೆ ಸರಳವಾದದ್ದು. ಆರು ವಾರ, ವಾರಕ್ಕೆ ಮೂರು ಸಲ, ಮುಕ್ಕಾಲು ಗಂಟೆ ಚಿತ್ರ ಬಿಡಿಸಬೇಕು. ಫೋನು ಬೇರೆ ಕೋಣೆಯಲ್ಲಿರಬೇಕು. ಮರುದಿನ ಬೆಳಗ್ಗೆ ಒಣಗಿದ ಹಾಳೆಯನ್ನು ಐದು ನಿಮಿಷ ನೋಡಬೇಕು. ಯಾರಿಗೂ ತೋರಿಸಬೇಕಾಗಿಲ್ಲ, ನನಗೂ.

ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಕಲೆಗೆ ನೋಡುಗರು ಬೇಡವೇ, ಇದು ಭಯದಿಂದ ತಪ್ಪಿಸಿಕೊಳ್ಳುವ ದಾರಿಯಲ್ಲವೇ ಎಂಬುದು ಅವರ ಆಕ್ಷೇಪ. ಆತಂಕವನ್ನು ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಈಕೆ ಜನರೆದುರು ಬರಲು ಹೆದರಿ ಮುದುಡಿದ್ದರೆ ಈ ಸಲಹೆ ತಪ್ಪಾಗುತ್ತಿತ್ತು. ಆದರೆ ಇವರು ತಪ್ಪಿಸಿಕೊಳ್ಳುತ್ತಿದ್ದದ್ದು ನೋಡುಗರನ್ನಲ್ಲ, ತಮ್ಮದೇ ಚಿತ್ರವನ್ನು. 1973ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿಸಿಕೊಂಡ ಪುಟ್ಟ ಮಕ್ಕಳು, ಕೆಲವು ದಿನಗಳ ನಂತರ ಬಿಡುವಿನಲ್ಲಿ ಚಿತ್ರ ಬಿಡಿಸಲು ಉಳಿದವರಿಗಿಂತ ಕಡಿಮೆ ಹೊತ್ತು ಕೊಟ್ಟರು. ಅದೇ ಬಹುಮಾನವನ್ನು ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಕುಗ್ಗಲಿಲ್ಲ. ಕೆಡಿಸುವುದು ಮೆಚ್ಚುಗೆಯಲ್ಲ, ಕುಂಚ ಅದ್ದುವ ಮೊದಲೇ ಅದಕ್ಕಾಗಿ ಕಾಯುತ್ತ ಕೂರುವುದು. ಮುಕ್ಕಾಲು ಗಂಟೆ ಎಂದದ್ದಕ್ಕೂ ಆಧಾರವಿದೆ. 2016ರಲ್ಲಿ 39 ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ 45 ನಿಮಿಷ ಕಲೆಯಲ್ಲಿ ತೊಡಗಿದ ಮೇಲೆ ಸುಮಾರು ಮುಕ್ಕಾಲು ಪಾಲು ಜನರ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು, ಅದಕ್ಕೆ ಹಿಂದಿನ ಪರಿಣತಿಯೇನೂ ಬೇಕಾಗಿರಲಿಲ್ಲ. ಎಲ್ಲರಲ್ಲೂ ಇಳಿಯಲಿಲ್ಲ ಎಂಬುದನ್ನೂ ಅವರಿಗೆ ಹೇಳಿಯೇ ಕಳುಹಿಸಿದೆ.

ಮೊದಲ ಎರಡು ವಾರ ಅವರಿಗೆ ಬೇಸರವೇ ಆಯಿತು. ಯಾರೂ ನೋಡದಿದ್ದರೆ ಬಿಡಿಸುವುದೇಕೆ ಎಂದು ಸಿಟ್ಟಿನಿಂದಲೇ ಕೇಳಿದರು. ನಾನು ಉತ್ತರ ಕೊಡಲಿಲ್ಲ, ನನ್ನ ಬಳಿ ಉತ್ತರವೂ ಇರಲಿಲ್ಲ. ಐದನೆಯ ವಾರ ಸುರುಳಿ ಸುತ್ತಿದ ಹಾಳೆಯೊಂದನ್ನು ಹಿಡಿದು ಬಂದು ಮಡಿಲಲ್ಲಿಟ್ಟುಕೊಂಡು ಕುಳಿತರು. ಆಕಾಶದ ಒಂದು ಮೂಲೆಯಲ್ಲಿ ನೀರು ಹಿಂದಕ್ಕೆ ಹರಿದು ಹೂವಿನ ಎಸಳಿನಂಥ ಕಲೆಯಾಗಿದೆ, ರಾತ್ರಿ ಅದು ಕಂಡಿರಲಿಲ್ಲ, ಬೆಳಗ್ಗೆ ನೋಡಿದೆ, ಅಳಿಸಲು ಮನಸ್ಸಾಗಲಿಲ್ಲ ಎಂದರು. ಗಂಟೆ ಮುಗಿದಾಗ ಹಾಳೆಯನ್ನು ಬಿಡಿಸದೆಯೇ ಎತ್ತಿಕೊಂಡು ಹೊರಟರು. ನಾನೂ ತೋರಿಸಿ ಎನ್ನಲಿಲ್ಲ.