ಬಿಟ್ಟರೆ ಸೊನ್ನೆ, ತಪ್ಪಿದರೆ ಮೈನಸ್

ಸೈನ್ಯದಲ್ಲಿ ಆಫೀಸರ್ ಆಗಬೇಕೆಂದು ಹೊರಟು, ಇಂಗ್ಲಿಷಿನ ಹೊಸ್ತಿಲು ಎಡವಿ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಪದವೀಧರರಲ್ಲಿ ಈ ಹುಡುಗ ಮೂರನೆಯವನು. ಮೊದಲಿನ ಇಬ್ಬರ ವಿಷಯದಲ್ಲಿ ನಾನು ಸುಲಭದ ದಾರಿ ಹಿಡಿದಿದ್ದೆ, ಇಬ್ಬರನ್ನೂ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸಿದೆ. ಒಬ್ಬನಿಗೆ ಅದು ನಿಜವಾಗಿ ಬೇಕಿತ್ತು. ಇನ್ನೊಬ್ಬನಿಗೆ ಬೇಕಿರಲಿಲ್ಲ ಎಂದು ಈಗ ಅನಿಸುತ್ತದೆ. ಅವನು ಆಮೇಲೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಆ ಕಸಿವಿಸಿ ಇರದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಇಂಥ ಬರಹಗಳಲ್ಲಿ ‘ಹೆಸರು ಬದಲಿಸಲಾಗಿದೆ’ ಎಂದು ಹಾಕುವ ಕ್ರಮ ಉಂಟು. ಉಡುಪಿಯಲ್ಲಿ ಅದು ಸಾಲುವುದಿಲ್ಲ. ಯಾವ ಕಾಲೇಜು, ಯಾವ ಬಸ್‌ಸ್ಟಾಪು ಎಂದು ಹೇಳಿದರೆ ಸಂಜೆಯೊಳಗೆ ಯಾರ ಮಗ ಎಂದು ಗೊತ್ತಾಗುತ್ತದೆ. ಹಾಗಾಗಿ ಹೆಸರೇ ಬೇಡ, ಹುಡುಗ ಎಂದೇ ಬರೆಯುತ್ತೇನೆ. ಮನೆಯ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಅವನ ಒಪ್ಪಿಗೆ ಉಂಟು.

ವಯಸ್ಸು 23, ಬಿಕಾಂ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಮನೆಮಾತು ತುಳು. ಅಪ್ಪ ಹವಾಲ್ದಾರರಾಗಿ ನಿವೃತ್ತರಾದವರು. ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಲಿಖಿತ ಪರೀಕ್ಷೆಯನ್ನು ಎರಡು ಸಲ ಪಾಸಾದ, ಎರಡು ಸಲವೂ ಬೆಂಗಳೂರಿನ ಸಂದರ್ಶನ ಮಂಡಳಿಯಿಂದ ಮೊದಲ ದಿನವೇ ವಾಪಸು. ಎರಡನೆಯ ಸಲ ಬಂದ ಮೇಲೆ ಅಜ್ಜರಕಾಡು ಮೈದಾನಕ್ಕೆ ಬೆಳಿಗ್ಗೆ ಓಡಲು ಹೋಗುವುದನ್ನು ನಿಲ್ಲಿಸಿದ. ಕರೆದುಕೊಂಡು ಬಂದದ್ದು ತಾಯಿ. “ಮನೆಯಲ್ಲಿ ಮಾತೇ ಆಡುದಿಲ್ಲ ಮೇಡಂ. ಕೇಳಿದ್ರೆ ಹ್ಞೂಂ, ಊಹೂಂ, ಅಷ್ಟೆ.” ನಿದ್ದೆ, ಊಟ, ಸಾಯುವ ಯೋಚನೆ, ಎಲ್ಲವನ್ನೂ ನೇರವಾಗಿಯೇ ಕೇಳಿದೆ. ನಿದ್ದೆ ಕೆಟ್ಟಿತ್ತು, ಉಳಿದ ತೊಂದರೆ ಇರಲಿಲ್ಲ. ರಾತ್ರಿ ಹೊತ್ತಿಗೆ ಬೇಕಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಮೊದಲ ಎರಡು ಭೇಟಿಯಲ್ಲಿ ಅವನು ಹೇಳಿದ ಒಂದೇ ಉದ್ದದ ವಾಕ್ಯ: “ನನಗೆ ಇಂಗ್ಲಿಷ್ ಬರುದಿಲ್ಲ, ಅಷ್ಟೇ ವಿಷಯ.”

ಅಷ್ಟೇ ವಿಷಯವಾಗಿದ್ದರೆ ಲಿಖಿತ ಪರೀಕ್ಷೆ ದಾಟಿದ್ದು ಹೇಗೆ?

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಸಿಡಿಎಸ್ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಇಂಗ್ಲಿಷ್ ಪತ್ರಿಕೆ 2 ಗಂಟೆ, 120 ಪ್ರಶ್ನೆ, 100 ಅಂಕ. ಡೆಹ್ರಾಡೂನಿನ ಸೇನಾ ಅಕಾಡೆಮಿ ಐಎಂಎಗೆ ಸಾಮಾನ್ಯ ಜ್ಞಾನ, ಗಣಿತ ಸೇರಿ 300 ಅಂಕ. ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿ ಒಟಿಎಗೆ ಗಣಿತ ಇಲ್ಲ, 200. ಅಂದರೆ ಒಟಿಎಗೆ ಹೋಗುವವನ ಲಿಖಿತ ಅಂಕದಲ್ಲಿ ಅರ್ಧ ಇಂಗ್ಲಿಷಿನದ್ದೇ. ಆದರೆ ಆ 2 ಗಂಟೆಯಲ್ಲಿ ಸ್ವಂತದ್ದು ಎಂದು ಒಂದು ವಾಕ್ಯವನ್ನೂ ಬರೆಯಬೇಕಿಲ್ಲ. ಎಲ್ಲ ಗುರುತು ಹಾಕುವ ಪ್ರಶ್ನೆಗಳು. ಸಮಾನಾರ್ಥಕ, ವಿರುದ್ಧಾರ್ಥಕ, ವಾಕ್ಯದ ತುಂಡುಗಳನ್ನು ಕ್ರಮಕ್ಕೆ ಜೋಡಿಸುವುದು, ತಪ್ಪು ಹುಡುಕುವುದು. ಉತ್ತರ ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಬಿಟ್ಟರೆ ಕಡಿತ ಇಲ್ಲ.

ಇದನ್ನು ದಾಟಿದವರು ಎಸ್‌ಎಸ್‌ಬಿಗೆ, ಅಂದರೆ ಆಗಲೇ ಹೇಳಿದ ಸಂದರ್ಶನ ಮಂಡಳಿಗೆ ಹೋಗುತ್ತಾರೆ. ಒಟ್ಟು ಐದು ದಿನ. ಮೊದಲ ದಿನ ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡು ತೋರಿಸಿ ಕಥೆ ಬರೆಸುತ್ತಾರೆ. ಆಮೇಲೆ ಸುಮಾರು ಹದಿನೈದು ಮಂದಿ ಅರ್ಧ ವೃತ್ತದಲ್ಲಿ ಕೂತು ಒಬ್ಬೊಬ್ಬರಾಗಿ ಕಥೆ ಹೇಳಿ, ಚರ್ಚೆ ಮಾಡಿ, ಎಲ್ಲರದ್ದೂ ಸೇರಿ ಒಂದು ಕಥೆ ಮಾಡಬೇಕು. ಇಲ್ಲಿ ಸೋಸಿ ಹೋದವರಿಗೆ ಅದೇ ದಿನ ಊರಿನ ದಾರಿ. ನಮ್ಮ ಹುಡುಗ ಎರಡು ಸಲವೂ ತನ್ನ ಸರದಿಯಲ್ಲಿ ಕಂಠಪಾಠ ಮಾಡಿದ್ದನ್ನು ಒಪ್ಪಿಸಿದ್ದ, ಚರ್ಚೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಕೋಚಿಂಗಿನವರು ಯಾವ ಚಿತ್ರಕ್ಕೂ ಹೊಂದುವ ನಾಲ್ಕು ಕಥೆ ಕೊಟ್ಟಿದ್ದರಂತೆ. ಒಂದರಲ್ಲಿ ನೆರೆ, ಒಂದರಲ್ಲಿ ರಕ್ತದಾನ ಶಿಬಿರ. ಉಳಿದೆರಡು ನಾನು ಕೇಳಲಿಲ್ಲ.

ಮೂರನೆಯ ಭೇಟಿ ಜುಲೈಯಲ್ಲಿ. ನನ್ನ ಕೋಣೆ ಕಲ್ಸಂಕದ ಹತ್ತಿರ ಮೆಡಿಕಲ್ ಶಾಪಿನ ಮೇಲೆ. ಕಿಟಕಿ ಹಾಕಿದರೂ ಕೆಳಗಿನ ಕಂಡಕ್ಟರನ “ಮಣಿಪಾಲ್ ಮಣಿಪಾಲ್ ಮಣಿಪಾಲ್” ಒಳಗೆ ಬರುತ್ತದೆ. ಗೋಡೆಯಲ್ಲಿ ಯಾವುದೋ ಸೊಸೈಟಿಯ ಕ್ಯಾಲೆಂಡರು, ಅದರಲ್ಲಿ ಮಲ್ಪೆ ಬಂದರಿನ ಫೋಟೋ. ಸಾಲಾಗಿ ಕಟ್ಟಿದ ಬೋಟುಗಳು, ಮುಂದೆ ಒಬ್ಬ ಮುದುಕ ಬಲೆ ಹರಡಿಕೊಂಡು ಕೂತಿದ್ದಾನೆ. ಅದನ್ನು ತೋರಿಸಿ, ಇಂಗ್ಲಿಷಿನಲ್ಲಿ ಕಥೆ ಹೇಳು ಎಂದೆ.

ಅವನು ಮೇಜು ನೋಡಿದ. ಗಡಿಯಾರದ ಮುಳ್ಳು ಅರ್ಧ ಸುತ್ತು ತಿರುಗಿತು.

ಸರಿ, ತುಳುವಿನಲ್ಲಿ ಹೇಳು ಎಂದೆ. ಅವನು ಮೊದಲ ಬಾರಿಗೆ ಫೋಟೋವನ್ನು ಸರಿಯಾಗಿ ನೋಡಿದ. ಎದ್ದು ಹತ್ತಿರ ಹೋದ. ಇದು ಮಳೆಗಾಲದ ಫೋಟೋ ಎಂದ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳಿಗೆ ರಜೆ, ಅದಕ್ಕೇ ಎಲ್ಲ ಕಟ್ಟಿ ನಿಲ್ಲಿಸಿದ್ದಾರೆ. ಮುದುಕನ ಕೈ ಬಲೆಯಲ್ಲಿದೆ, ಕಣ್ಣು ಬಲೆಯಲ್ಲಿಲ್ಲ, ಬೋಟಿನ ಮೇಲಿದೆ. ಯಾಕೆಂದರೆ ಉಳಿದ ಬೋಟುಗಳಿಗೆ ಪೈಂಟ್ ಆಗಿದೆ, ಇವನದ್ದಕ್ಕೆ ಆಗಿಲ್ಲ. ಕೈಯಲ್ಲಿ ದುಡ್ಡಿಲ್ಲ. ಆಗಸ್ಟಿನಲ್ಲಿ ಎಲ್ಲರೂ ಹೊರಟಾಗ ಇವನ ಬೋಟು ಮಾತ್ರ ಉಳಿದರೆ ಕೆಲಸದವರು ಬೇರೆ ಬೋಟಿಗೆ ಹೋಗುತ್ತಾರೆ. “ಸಾಲ ಕೇಳುವ ಜನ ಅಲ್ಲ ಇವ. ಪಕ್ಕದ ಬೋಟಿನವರ ಬಲೆ ಹೊಲಿದುಕೊಟ್ಟು ಪೈಂಟ್ ತಗೊಳ್ತಾನೆ. ನೋಡಿ, ಇವನ ಹಿಂದೆ ಇನ್ನೊಂದು ಬಲೆಯ ರಾಶಿ ಉಂಟು, ಅದು ಇವನದ್ದಲ್ಲ.”

ಆ ಕ್ಯಾಲೆಂಡರು ಏಳು ತಿಂಗಳಿಂದ ನನ್ನ ಗೋಡೆಯಲ್ಲಿತ್ತು. ಹಿಂದಿನ ರಾಶಿಯನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಈಗ ಇದನ್ನೇ ಇಂಗ್ಲಿಷಿನಲ್ಲಿ, ಎಂದೆ. “ದ ಬೋಟ್ಸ್ ಆರ್...” ಎಂದು ನಿಂತುಬಿಟ್ಟ. ಯಾಕೆ ಎಂದು ಕೇಳಿದ್ದಕ್ಕೆ, “ಆರ್ ಸ್ಟ್ಯಾಂಡಿಂಗ್ ಸರಿಯಾ, ಹ್ಯಾವ್ ಬೀನ್ ಸ್ಟ್ಯಾಂಡಿಂಗ್ ಸರಿಯಾ ಅಂತ ನೋಡ್ತಾ ಇದ್ದೆ” ಎಂದ. ಆಮೇಲೆ ನಾನು ಕೇಳದೆಯೇ ಹೇಳಿದ ಮಾತು ಇದು:

“ಬಾಯಿಗೆ ಬರುವ ಮೊದಲೇ ವಾಕ್ಯವನ್ನು ಮೂರು ತುಂಡು ಮಾಡ್ತೇನೆ ಮೇಡಂ. ಎ, ಬಿ, ಸಿ. ತಪ್ಪು ಯಾವುದರಲ್ಲಿ ಉಂಟು ಅಂತ ಹುಡುಕ್ತೇನೆ. ಹುಡುಕುವಷ್ಟರಲ್ಲಿ ಬೇರೆಯವರು ಮಾತಾಡಿ ಮುಗಿಸಿರ್ತಾರೆ.”

ತಪ್ಪು ಹುಡುಕುವ ಪ್ರಶ್ನೆ ಹಾಗೆಯೇ ಇರುತ್ತದೆ. ಒಂದು ವಾಕ್ಯ, ಮೂರು ತುಂಡು. ತಪ್ಪಿರುವ ತುಂಡಿಗೆ ಗುರುತು ಹಾಕಬೇಕು. ತಪ್ಪೇ ಇಲ್ಲದಿದ್ದರೆ ‘ಡಿ’. ಎರಡು ವರ್ಷ ದಿನಕ್ಕೆ ನೂರರಂತೆ ಅಂಥ ಪ್ರಶ್ನೆ ಬಿಡಿಸಿದ್ದನಂತೆ. ನೀನು ಡಿ ಯಾವಾಗ ಹಾಕುತ್ತಿ ಎಂದು ಕೇಳಿದೆ. ಸುಮಾರು ಹೊತ್ತು ಯೋಚಿಸಿದ.

“ಹಾಕುದೇ ಕಡಿಮೆ. ತಪ್ಪು ಎಲ್ಲೋ ಉಂಟು, ನನಗೆ ಕಾಣ್ತಾ ಇಲ್ಲ ಅಂತ ಅನಿಸ್ತದೆ. ಆಗ ಪ್ರಶ್ನೆಯನ್ನೇ ಬಿಡ್ತೇನೆ. ಬಿಟ್ಟರೆ ಸೊನ್ನೆ, ತಪ್ಪಿದರೆ ಮೈನಸ್.”

ಹೇಳಿದ ಮೇಲೆ ಅವನೇ ನನ್ನ ಮುಖ ನೋಡಿದ. ಚರ್ಚೆಯಲ್ಲಿ ಎರಡು ಸಲವೂ ಅವನು ಮಾಡಿದ್ದು ಅದನ್ನೇ. ಪ್ರಶ್ನೆ ಬಿಟ್ಟಿದ್ದ. ಪರೀಕ್ಷಾ ಕೋಣೆಯಲ್ಲಿ ಅದು ಜಾಣತನ, ಅದರಿಂದಲೇ ಎರಡು ಸಲ ಪಾಸಾಗಿದ್ದ. ಜನರ ಮಧ್ಯೆ ಕೂತಾಗ ಲೆಕ್ಕ ತಿರುಗಾ ಮುರುಗಾ ಆಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನು ನಾನು ಕೊಟ್ಟ ಸಲಹೆ. ಅದಕ್ಕೆ ಬೈಗುಳವೂ ಬಂದಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಎರಡು ತಿಂಗಳು ತಪ್ಪು ಹುಡುಕುವ ಪ್ರಶ್ನೆ ಮುಟ್ಟಬೇಡ ಎಂದೆ. ಹೊಸದಾಗಿ ಯಾವ ಇಂಗ್ಲಿಷ್ ಕ್ಲಾಸಿಗೂ ಸೇರಬೇಡ. ದಿನಾ ರಾತ್ರಿ, ಆ ದಿನ ಕಂಡದ್ದೊಂದನ್ನು ತಂಗಿಗೆ ಮೂರು ನಿಮಿಷ ತುಳುವಿನಲ್ಲಿ ಹೇಳು, ಕೂಡಲೇ ಅದನ್ನೇ ಇಂಗ್ಲಿಷಿನಲ್ಲಿ ಹೇಳು. ತಂಗಿ ಪಿಯುಸಿ, ಇಂಗ್ಲಿಷ್ ಮಾಧ್ಯಮ. ಅವಳನ್ನೂ ಒಂದು ದಿನ ಕರೆಸಿ ಹೇಳಿದೆ: ತಿದ್ದಬಾರದು, ನಗಬಾರದು, ಅಣ್ಣ ನಿಂತಲ್ಲಿ “ಮತ್ತೆ?” ಎಂದು ಕೇಳಬೇಕು, ಅಷ್ಟೆ. (ಮೊದಲ ವಾರ ಅವಳಿಗೆ ತಡೆಯಲಿಕ್ಕಾಗದೆ ತಲೆದಿಂಬು ಕಚ್ಚಿಕೊಂಡು ಕೂತಳಂತೆ.) ಕೊನೆಯದ್ದು ವಾರಕ್ಕೆರಡು ದಿನ ಮಣಿಪಾಲದ ಟೈಗರ್ ಸರ್ಕಲಿಗೆ ಹೋಗುವುದು. ಅಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಬರವಿಲ್ಲ. ದಾರಿ ಕೇಳಿದವರಿಗೆ ಇಂಗ್ಲಿಷಿನಲ್ಲಿ ಹೇಳು, ಒಂದು ವಾಕ್ಯವನ್ನಾದರೂ ಬೇಕೆಂದೇ ತಪ್ಪಾಗಿ ಹೇಳು.

ಮೂರು ದಿನದಲ್ಲಿ ಅಪ್ಪನ ಫೋನು ಬಂತು. “ಮೇಡಂ, ನೀವು ಇವನಿಗೆ ಇಂಗ್ಲಿಷ್ ಕ್ಲಾಸ್ ಬೇಡ ಅಂತ ಹೇಳಿದ್ರಂತಲ್ಲ? ನಾನು ಇಪ್ಪತ್ತನಾಲ್ಕು ವರ್ಷ ಆಫೀಸರ್ ಮೆಸ್ಸನ್ನು ಹೊರಗಿನಿಂದ ನೋಡಿದವ. ಇವನೂ ಹೊರಗೇ ನಿಲ್ಲಬೇಕಾ?” ನನಗೆ ತಕ್ಷಣ ಉತ್ತರ ಬರಲಿಲ್ಲ. ಇಂಗ್ಲಿಷ್ ಬೇಡ ಎಂದು ನಾನು ಹೇಳಿದ್ದಲ್ಲ, ಅಕಾಡೆಮಿಯಲ್ಲಿ ಪಾಠ ನಡೆಯುವುದು ಅದರಲ್ಲೇ, ನಾಳೆ ಅವನು ವರದಿ ಬರೆಯಬೇಕಾದದ್ದೂ ಅದರಲ್ಲೇ ಎಂದು ನನಗೂ ಗೊತ್ತಿದೆ, ಎಂದೆಲ್ಲ ಹೇಳಿದೆ. ಅವರು “ಸರಿ” ಎಂದು ಇಟ್ಟರು. ಒಪ್ಪಿದ ‘ಸರಿ’ ಅಲ್ಲ ಅದು.

ಇಂಗ್ಲಿಷ್ ಪಾಠ ಮಾಡುವ ನನ್ನ ಗೆಳತಿಯದ್ದೂ ಆಕ್ಷೇಪ. ತಿದ್ದದೆ ಭಾಷೆ ಬರುವುದು ಹೇಗೆ ಎಂದು. ಕಲಿಯುತ್ತಿರುವವನಿಗೆ ಅವಳ ಮಾತು ಸರಿ. ಇವನು ಕಲಿತು ಮುಗಿಸಿ, ಕಲಿತದ್ದರ ಮೇಲೆ ಕಾವಲು ಕೂತವನು. ಹೊಸ ಕ್ಲಾಸಿಗೆ ಹಾಕಿದ್ದರೆ ಅಲ್ಲೂ ಒಬ್ಬರು ತಿದ್ದುತ್ತಿದ್ದರು, ಕಾವಲು ಇಮ್ಮಡಿಯಾಗುತ್ತಿತ್ತು. ಮಂಡಳಿಯವರು ನೋಡುವ ಹದಿನೈದು ಗುಣಗಳ ಪಟ್ಟಿಯಲ್ಲಿ ‘ಪವರ್ ಆಫ್ ಎಕ್ಸ್‌ಪ್ರೆಶನ್’, ಮನಸ್ಸಿನಲ್ಲಿದ್ದದ್ದನ್ನು ಹೇಳುವ ಶಕ್ತಿ, ಉಂಟು, ವ್ಯಾಕರಣ ಎಂಬುದು ಬೇರೆಯಾಗಿ ಇಲ್ಲ. ಆದರೆ ಅಭ್ಯರ್ಥಿಗಳನ್ನು ಅಲ್ಲಿಗೆ ತಲುಪಿಸುವ ಲಿಖಿತ ಪತ್ರಿಕೆ ತಪ್ಪು ಕಾಣುವ ಕಣ್ಣನ್ನು ಮಾತ್ರ ಅಳೆಯುತ್ತದೆ. ಎರಡರ ನಡುವೆ ಇರುವ ಹೊಂಡಕ್ಕೆ ಹೆಚ್ಚಾಗಿ ಬೀಳುವವರು ನಮ್ಮಂಥ ಊರಿನ, ಕಷ್ಟಪಟ್ಟು ಓದುವ ಮಕ್ಕಳು. ಇನ್ನೊಂದು ಮಾತು, ಯಾರಿಗೆ ಬೇಜಾರಾದರೂ ಸರಿ. ಹಿಂದಿ ನಾಡಿನ ಹುಡುಗನಿಗೆ ಚರ್ಚೆಯ ನಡುವೆ ಇಂಗ್ಲಿಷ್ ಕೈಕೊಟ್ಟರೆ ಹಿಂದಿಗೆ ಜಾರಿಕೊಳ್ಳಬಹುದು. ತುಳುವಿನವನಿಗೆ ಜಾರಲು ಜಾಗ ಇಲ್ಲ, ಸುಮ್ಮನಾಗುವುದೊಂದೇ.

ಹಾಗಂತ ಬಾಯಿ ಬಿಡದ ಎಲ್ಲ ಮಕ್ಕಳಿಗೂ ಇದೇ ಮದ್ದು ಅಲ್ಲ. ತಂದೆತಾಯಿ ಮನೆಯಲ್ಲೇ ನೋಡಬಹುದು. ಒಂದು ಫೋಟೋ ಕೊಟ್ಟು ಮನೆಮಾತಿನಲ್ಲಿ ಕಥೆ ಹೇಳಿಸಿ. ಅದರಲ್ಲೂ ನಾಲ್ಕು ಮಾತಿಗೆ ನಿಂತರೆ ಓದು, ಜನರ ಒಡನಾಟ ಕಡಿಮೆಯಾಗಿದೆ, ಭಾಷೆಯನ್ನು ದೂರಬೇಡಿ. ಮನೆಮಾತಿನಲ್ಲಿ ನಿರರ್ಗಳ, ಆದರೆ ಇಂಗ್ಲಿಷ್ ಪತ್ರಿಕೆಯಲ್ಲೇ ಅಂಕ ಬರುತ್ತಿಲ್ಲ ಎಂದಾದರೆ ಧಾರಾಳವಾಗಿ ಕ್ಲಾಸಿಗೆ ಕಳಿಸಿ. ಮನೆಮಾತೂ ಸಲೀಸು, ಅಂಕವೂ ಉಂಟು, ಬಾಯಿ ಮಾತ್ರ ಬರುವುದಿಲ್ಲ ಎಂದರೆ ಇನ್ನೊಂದು ಕ್ಲಾಸಿನ ಫೀಸು ಕಟ್ಟುವ ಮೊದಲು, ಮನೆಯಲ್ಲಿ ಯಾರು ಯಾರು ತಿದ್ದುತ್ತಿದ್ದಾರೆ ಎಂದು ಲೆಕ್ಕ ಹಾಕಿ. ಮತ್ತೆ, ಎಸ್‌ಎಸ್‌ಬಿಯಿಂದ ಬಂದವನನ್ನು ‘ಫೇಲ್’ ಎನ್ನಬೇಡಿ. ಅವರು ಕೊಡುವುದು ‘ಶಿಫಾರಸು ಇಲ್ಲ’ ಎಂಬ ಉತ್ತರ, ಫೇಲ್ ಎಂಬ ಮಾತನ್ನು ಸೇರಿಸುವುದು ನಾವು.

ಟೈಗರ್ ಸರ್ಕಲಿನ ಮೊದಲ ವರದಿ ಹೀಗಿತ್ತು. ನಾಲ್ಕು ಮಂದಿ ಮಲ್ಪೆಗೆ ಹೇಗೆ ಹೋಗುವುದೆಂದು ಕೇಳಿದರಂತೆ. ಇವನು, “ಬಸ್ ಈಸ್ ಕಮಿಂಗ್ ದೇರ್ ಓನ್ಲಿ, ಯು ಸಿಟ್, ಐ ಟೆಲ್ ಕಂಡಕ್ಟರ್” ಎಂದನಂತೆ. ಹೇಳಿ ಮುಗಿಸಿ ನನ್ನೆದುರು ಬೆರಳು ಮಡಚಿ ಎಣಿಸಿದ. “ಮೂರು ತಪ್ಪು ಮೇಡಂ. ಬೇಕೆಂದೇ ಮಾಡಿದ್ದು ಒಂದೇ.” ಅವರು ಮಲ್ಪೆಗೆ ಹೋದರಾ ಎಂದೆ. “ಹೋದ್ರು. ಕಂಡಕ್ಟರನಿಗೆ ನಾನೇ ಹೇಳಿ ಹತ್ತಿಸಿದ್ದು.” ಆವತ್ತು ಅವನ ನಗು ಮೊದಲ ಸಲ ನೋಡಿದೆ.

ಮುಂದಿನ ಸಲದ ಎಸ್‌ಎಸ್‌ಬಿಯಲ್ಲಿ ಮೊದಲ ದಿನ ದಾಟಿದ. ಐದು ದಿನವೂ ಇದ್ದ, ಶಿಫಾರಸು ಆಗಲಿಲ್ಲ. ಕಾರಣ ಅಲ್ಲಿ ಹೇಳುವುದಿಲ್ಲ. ಅಪ್ಪ ಈ ಸಲ ಫೋನು ಮಾಡಲಿಲ್ಲ, ಅದು ಬೈಗುಳಕ್ಕಿಂತ ಭಾರ. ಒಟಿಎಗೂ 25ರ ಹತ್ತಿರ ಬಾಗಿಲು ಮುಚ್ಚುತ್ತದೆ. ಆ ಎರಡು ತಿಂಗಳನ್ನು ನಾನು ಹಾಳು ಮಾಡಿದೆನೇ ಎಂದು ರಾತ್ರಿ ಒಮ್ಮೊಮ್ಮೆ ಅನಿಸಿದ್ದುಂಟು. ಅವನು ಮಾತ್ರ ಬಂದು ಆ ಐದು ದಿನದ ಕಥೆಯನ್ನು ಒಂದು ಗಂಟೆ ಹೇಳಿದ, ತನ್ನ ಗುಂಪಿನ ಒಬ್ಬೊಬ್ಬರ ಚೆಸ್ಟ್ ನಂಬರ್ ಸಮೇತ. ಅಜ್ಜರಕಾಡಿಗೆ ಮತ್ತೆ ಓಡಲು ಹೋಗುತ್ತಿದ್ದಾನೆ.

ಮೊನ್ನೆ ಪುನಃ ಲಿಖಿತ ಬರೆದು, ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಿದ್ದ. ತಪ್ಪು ಹುಡುಕುವ ಭಾಗದಲ್ಲಿ ನಾಲ್ಕು ಕಡೆ ಡಿಗೆ ಪೆನ್ಸಿಲಿನ ಸುತ್ತು ಹಾಕಿಕೊಂಡಿದ್ದ. ಗೆಳತಿಗೆ ಫೋಟೋ ಕಳಿಸಿ ಕೇಳಿದೆ. ಮೂರು ಸರಿ, ಒಂದರಲ್ಲಿ ತಪ್ಪು ಉಂಟಂತೆ, ಬಿ ಭಾಗದಲ್ಲಿ. ಹೇಳಿದ್ದಕ್ಕೆ, “ಹೌದಾ?” ಎಂದು ಪತ್ರಿಕೆ ಮಡಚಿ ಚೀಲಕ್ಕೆ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದ.