ಮೆಂತ್ಯದ ನೀರಿನ ವಿಷಯ ಡಾಕ್ಟ್ರಿಗೆ ಹೇಳಿದ್ದೀರಾ ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ. ಹೋದ ಸಂಚಿಕೆಯ ನಾಟಿವೈದ್ಯದ ಲೇಖನ ಓದಿ ‘ಅಕ್ಷರ ಗೊತ್ತಿಲ್ಲದೋರು ಬೇರು ನಾರು ಅಂತ ಹೋಗ್ತಾರೆ, ಓದಿದ್ರೆ ತಾನಾಗೇ ಬಿಡ್ತಾರೆ, ಅದನ್ನೇನು ನಾಲ್ಕು ಪೇಜ್ ಬರೀತೀರಿ’ ಅಂತ ಬೈದಿದ್ದೀರಿ. ಬೈಗುಳ ಇರ್ಲಿ, ಲೆಕ್ಕ ಮಾತ್ರ ಉಲ್ಟಾ.

2022-23ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದ್ರೆ ಎನ್‌ಎಸ್‌ಎಸ್‌ನೋರು ಆಯುಷ್ (ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪತಿ ಥರದ ಪದ್ಧತಿಗಳು) ಬಗ್ಗೆನೇ ದೇಶದ ತುಂಬಾ ಸರ್ವೆ ಮಾಡಿದ್ರು, ವರ್ಷದೊಳಗೆ ಈ ಪದ್ಧತಿ ಬಳಸಿದೋರು ಹಳ್ಳೀಲಿ ನೂರಕ್ಕೆ ಸುಮಾರು 46, ಸಿಟೀಲಿ 53. ಸಿಟಿಯೋರೆಲ್ಲ ಓದಿದೋರಲ್ಲ, ಒಪ್ಪಿದೆ, ಆದ್ರೂ ನಿಮ್ಮ ಮಾತಿಗೆ ಇದು ಹೊಂದಲ್ಲ.

ನಮ್ಮ ಕರಾವಳಿಯ ಆಟಿ ಅಮಾವಾಸ್ಯೆ ನೋಡಿ. ಬೆಳಕು ಹರಿಯೋ ಮುಂಚೆ ಹಾಲೆ ಮರದ ತೊಗಟೆಗೆ ಕತ್ತಿ ತಾಗಿಸದೆ ಕಲ್ಲಲ್ಲೇ ಜಜ್ಜಿ ತೆಗೆದು, ಬೆಳ್ಳುಳ್ಳಿ ಕಾಳುಮೆಣಸು ಓಮ ಸೇರಿಸಿ ಅರೆದು ಖಾಲಿ ಹೊಟ್ಟೇಲಿ ಕುಡಿಯೋದು, ಆಮೇಲೆ ತಂಪಿಗೆ ಮೆಂತ್ಯದ ಗಂಜಿ. ಕೂಲಿ ಮಾಡೋನೂ ಬ್ಯಾಂಕ್ ಮ್ಯಾನೇಜರೂ ಅದೇ ಕಹಿಗೆ ಮುಖ ಸಿಂಡರಿಸ್ತಾರೆ. ಕೂಲಿಯೋನಿಗೆ ಮರ ಗೊತ್ತು, ಮ್ಯಾನೇಜರ್ ಯಾರೋ ಕೊಟ್ಟ ಬಾಟಲಿ ನಂಬ್ತಾನೆ, ಅಷ್ಟೇ ವ್ಯತ್ಯಾಸ. ಕತ್ತಲೇಲಿ ಹಾಲೆ ಅಂತ ಕಾಸರಕದ ತೊಗಟೆ ತಂದ್ರೆ ಪ್ರಾಣಕ್ಕೇ ಸಂಚಕಾರ, ಅದರಲ್ಲಿರೋದು ಸ್ಟ್ರಿಕ್ನಿನ್ ಅನ್ನೋ ವಿಷ, ಅದಕ್ಕೇ ತಿಳಿದೋರು ಹಿಂದಿನ ದಿನಾನೇ ಮರ ಗುರುತು ಮಾಡಿಟ್ಟು ಬರ್ತಾರೆ.

ಕೋವಿಡ್ ಟೈಮಲ್ಲಿ ನಮ್ಮ ಆಫೀಸಲ್ಲೇ ಡಬಲ್ ಡಿಗ್ರಿಯೋರೆಲ್ಲ ಫ್ಲಾಸ್ಕ್ ತುಂಬಾ ಅಮೃತಬಳ್ಳಿ ಕಷಾಯ ತರ್ತಿದ್ರು (ನಾನೂ ಕುಡಿದೆ, ಸುಳ್ಳು ಯಾಕೆ). ಇದನ್ನ ಸೇವಿಸಿದ ಕೆಲವರ ಲಿವರ್ ಕೆಟ್ಟಿದೆ ಅಂತ 2021ರಲ್ಲಿ ಮುಂಬೈ ಡಾಕ್ಟರುಗಳು ಬರೆದ್ರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಥರ ಕಾಣೋ ಬೇರೆ ಬಳ್ಳಿನೂ ಇರತ್ತೆ, ಅವರು ತಿಂದಿದ್ದು ಯಾವುದು ಅಂತ ಮೊದಲು ನೋಡಿ ಅಂತು. ಯಾರು ಸರಿ ಅನ್ನೋ ತೀರ್ಪು ನನ್ನದಲ್ಲ, ಆದ್ರೆ ಫ್ಲಾಸ್ಕಲ್ಲಿರೋದು ಯಾವ ಬಳ್ಳಿ ಅಂತ ನಮ್ಮ ಆಫೀಸಲ್ಲಿ ಒಬ್ಬರೂ ಕೇಳಿರ್ಲಿಲ್ಲ.

ಹಳ್ಳಿಯೋರು ಆಸ್ಪತ್ರೆ ದೂರ, ಹೋದ್ರೆ ಒಂದಿನದ ಕೂಲಿ ಹೋಯ್ತು ಅಂತ ನಾಟಿಗೆ ಹೋಗ್ತಾರೆ, ಸಿಟಿಯೋರು ಸೈಡ್ ಎಫೆಕ್ಟ್ ಇಲ್ಲ ಅನ್ನೋ ವಾಟ್ಸಾಪ್ ನಂಬಿ. ಡಾಕ್ಟ್ರ ಮುಂದೆ ಮಾತ್ರ ಇಬ್ಬರೂ ಬಾಯಿ ಬಿಡಲ್ಲ, ಬೈತಾರೆ ಅನ್ನೋ ಭಯ. ಡಾಕ್ಟ್ರೂ ಕೇಳಲ್ಲ, ನನಗೆ ಸಿಟ್ಟು ಬರೋದು ಅಲ್ಲೇ.

ಇನ್ನು ಪತ್ರದ ಕೊನೇಲಿ ಶುಗರ್ ಮಾತ್ರೆ ಜೊತೆ ದಿನಾ ಬೆಳಿಗ್ಗೆ ಮೆಂತ್ಯದ ನೀರು ಕುಡೀತೀನಿ ಅಂತ ನೀವೇ ಬರೆದಿದ್ದೀರಲ್ಲ, ಮೆಂತ್ಯನೂ ಶುಗರ್ ಇಳಿಸತ್ತೆ, ಎರಡೂ ಸೇರಿ ತೀರಾ ಇಳಿದು ತಲೆ ಸುತ್ತಿದ್ರೆ? ನಿಮ್ಮ ಡಾಕ್ಟ್ರಿಗೆ ಹೇಳಿದ್ದೀರಾ?

– ಸಂ.